ಕ್ರೋಶಾ ಕಡ್ಡಿಯೂ ವೃತ್ತದ ಲೆಕ್ಕವೂ

ಕ್ರೋಶಾ ಕಲಿಯಲು ಬೇಕಾದ ಸಾಮಗ್ರಿ ಅಲ್ಪ: ತುದಿಯಲ್ಲಿ ಕೊಕ್ಕೆಯಿರುವ ಒಂದು ಕಡ್ಡಿ, ಒಂದು ಉಂಡೆ ಉಣ್ಣೆದಾರ. ಜಾರುಗಂಟು ಹಾಕಿ, ಆ ಕುಣಿಕೆಯೊಳಗಿಂದ ಕೊಕ್ಕೆಯಲ್ಲಿ ದಾರ ಎಳೆದರೆ ಒಂದು ಚೈನು. ಚೈನಿನೊಳಗೆ ಕೊಕ್ಕೆ ತೂರಿಸಿ ದಾರ ಎಳೆದಾಗ ಕಡ್ಡಿಯ ಮೇಲೆ ಎರಡು ಕುಣಿಕೆಗಳಿರುತ್ತವೆ. ಮತ್ತೆ ದಾರ ಸುತ್ತಿ, ಎರಡರೊಳಗಿಂದಲೂ ಒಮ್ಮೆಗೇ ಎಳೆದರೆ ಸಿಂಗಲ್ ಕ್ರೋಶಾ. ಆರಂಭಕ್ಕೆ ಇವೆರಡೇ ಸಾಕು.

ಆದರೂ ಹೊಸಬರು ಹೆಣೆದ ದುಂಡು ಮ್ಯಾಟು ಒಮ್ಮೆ ಟೋಪಿಯಂತೆ ಮುದುಡುತ್ತದೆ, ಇನ್ನೊಮ್ಮೆ ಅಂಚೆಲ್ಲ ನೆರಿಗೆಗಟ್ಟುತ್ತದೆ. 'ನನ್ನ ಕೈಗೆ ಇದು ಒಗ್ಗದು' ಎಂದು ಕಡ್ಡಿ ಕೆಳಗಿಡುವ ಮುನ್ನ ಎಣಿಕೆಯನ್ನು ನೋಡಿ. ಸಿಂಗಲ್ ಕ್ರೋಶಾದ ಅಗಲ, ಎತ್ತರ ಹೆಚ್ಚುಕಡಿಮೆ ಒಂದೇ. ಆದ್ದರಿಂದ ತ್ರಿಜ್ಯ ಒಂದು ಹೊಲಿಗೆಯಷ್ಟು ಬೆಳೆದಾಗ ಪರಿಧಿ ಪೈನ ಎರಡರಷ್ಟು, ಅಂದರೆ ಸುಮಾರು 6 ಹೊಲಿಗೆ ಬೆಳೆಯಬೇಕು. ಮೊದಲ ಸುತ್ತಿಗೆ 6, ಬಳಿಕ 12, 18, 24 ಹೀಗೆ ಹೆಣೆದರೆ ಮ್ಯಾಟು ಸಮತಟ್ಟಾಗುತ್ತದೆ. ಕಡಿಮೆ ಸೇರಿಸಿದರೆ ಬಟ್ಟಲು, ಹೆಚ್ಚು ಸೇರಿಸಿದರೆ ನೆರಿಗೆ.

ಈ ನೆರಿಗೆಯನ್ನೇ ಗಣಿತಪಾಠಕ್ಕೆ ಬಳಸಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಡೈನಾ ಟೈಮಿನಾ. ಹೈಪರ್ಬೋಲಿಕ್ ಮೇಲ್ಮೈಯಲ್ಲಿ ತ್ರಿಕೋನದ ಕೋನಗಳ ಮೊತ್ತ 180 ಡಿಗ್ರಿಗಿಂತ ಕಡಿಮೆ. ಅದರ ಕಾಗದದ ಮಾದರಿಗಳು ಬೇಗ ಹರಿಯುತ್ತಿದ್ದವು. 1997ರಲ್ಲಿ ಅವರು ಸಾಲುಸಾಲಿಗೂ ಒಂದೇ ಅನುಪಾತದಲ್ಲಿ ಹೊಲಿಗೆ ಹೆಚ್ಚಿಸುತ್ತ, ಮಡಚಿದರೂ ಹರಿಯದ ಮಾದರಿಯನ್ನು ಕ್ರೋಶಾದಲ್ಲಿ ಹೆಣೆದರು.

ನಿಮ್ಮ ಮ್ಯಾಟು ನೆರಿಗೆಗಟ್ಟಿದರೆ ಆ ಸುತ್ತನ್ನೊಮ್ಮೆ ಎಣಿಸಿ. ಲೆಕ್ಕ ತಪ್ಪಿದ್ದರೆ ದಾರ ಹಿಡಿದು ಎಳೆಯಿರಿ, ಸುತ್ತು ಬಿಚ್ಚಿಕೊಳ್ಳುತ್ತದೆ. ಅದೇ ದಾರದಲ್ಲಿ ಮತ್ತೆ ಹೆಣೆಯಬಹುದು.