ಕಾಲು ಕಳೆದುಕೊಂಡವರ ಸೊಂಟ ಮುರಿದರೆ

ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರು ಬಿದ್ದು ಅದೇ ಬದಿಯ ಸೊಂಟ ಮುರಿದುಕೊಂಡರೆ, ‘ಹೇಗಿದ್ದರೂ ಕಾಲಿಲ್ಲ, ಆಪರೇಷನ್ ಯಾಕೆ?’ ಅನ್ನುವವರಿದ್ದಾರೆ. ಆ ಮಾತು ತಪ್ಪು. ಕೃತಕ ಕಾಲನ್ನು ನಡೆಸುವುದೇ ಸೊಂಟ. ಮುರಿತವನ್ನು ಹಾಗೇ ಬಿಟ್ಟರೆ ನೋವು, ಹಾಸಿಗೆ ಹುಣ್ಣು, ನ್ಯುಮೋನಿಯಾ ಬೆನ್ನು ಹತ್ತುತ್ತವೆ. ತೊಡಕಿರುವುದು ನಿಜ: ಮೂಳೆ ಕೂಡಿಸಲು ಆಪರೇಷನ್ ಟೇಬಲ್ಲಿನ ಬೂಟಿಗೆ ಪಾದ ಕಟ್ಟಿ ಎಳೆಯುತ್ತಾರೆ, ಇಲ್ಲಿ ಪಾದವೇ ಇಲ್ಲ. ಆದರೂ ದಾರಿಯಿದೆ. ಮಂಡಿ ಉಳಿದಿದ್ದರೆ ಅದನ್ನು ಮಡಿಸಿ, ಉಳಿದಷ್ಟು ಕಾಲನ್ನೇ ಬೂಟಿಗೆ ಬಿಗಿಯಬಹುದು. ಇಲ್ಲವಾದರೆ ತೊಡೆಮೂಳೆಗೆ ಪಿನ್ ತೂರಿಸಿ ಎಳೆಯಬಹುದು. ಬಳಕೆ ತಗ್ಗಿ ಸವೆದ ಮೂಳೆಯಲ್ಲಿ ಸ್ಕ್ರೂ ನಿಲ್ಲದು ಎಂಬ ಆತಂಕವೂ ಸಹಜವೇ. ಅದಕ್ಕೇ ತೊಡೆಮೂಳೆಯ ಕತ್ತು ಮುರಿದಿದ್ದರೆ ಅರ್ಧ ಕೀಲನ್ನೇ ಬದಲಿಸುವುದುಂಟು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರೇ, ಎಣ್ಣೆ ತಿಕ್ಕುತ್ತಾ ದಿನ ಕಳೆಯಬೇಡಿ. ಹಾಸನದ ಹಿಮ್ಸ್‌ನಂಥ ದೊಡ್ಡಾಸ್ಪತ್ರೆಗೆ ಬೇಗ ಬನ್ನಿ, 48 ಗಂಟೆಯೊಳಗೆ ಆಪರೇಷನ್ ಆದರೆ ಒಳ್ಳೆಯದು. ಕೃತಕ ಕಾಲನ್ನೂ ಜೊತೆಗೇ ತನ್ನಿ.