ಬ್ಯಾಂಕಿನ ಹೊಸ ಕಿಂಡಿ, ನಮ್ಮ ಒಪ್ಪಿಗೆ

ಬ್ಯಾಂಕು ಯಾವುದರಿಂದ ಬದುಕುತ್ತದೆಂದು ಕೇಳಿದರೆ, ಠೇವಣಿಗೆ ಕೊಡುವ ಬಡ್ಡಿಗೂ ಸಾಲಕ್ಕೆ ಪಡೆಯುವ ಬಡ್ಡಿಗೂ ನಡುವಣ ಅಂತರದಿಂದ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಮಾತು ಇಂದಿಗೂ ಸುಳ್ಳಲ್ಲ. ಆದರೆ ಈಚಿನ ವರ್ಷಗಳಲ್ಲಿ ಬ್ಯಾಂಕುಗಳಿಗೆ ಆದಾಯದ ಮತ್ತೊಂದು ದಾರಿಯೂ ತೆರೆದುಕೊಂಡಿದೆ. ಅದಕ್ಕೆ ಎ.ಪಿ.ಐ. ಎಂದು ಹೆಸರು. ಹೆಸರು ಕೇಳಿ ಬೆದರಬೇಕಾಗಿಲ್ಲ. ಗ್ರಾಹಕರಿಗಾಗಿ ಕೌಂಟರಿನಲ್ಲಿ ಕಿಂಡಿಯಿರುವಂತೆ, ಹೊರಗಿನ ಸಂಸ್ಥೆಗಳ ಕಂಪ್ಯೂಟರುಗಳಿಗಾಗಿ ಬ್ಯಾಂಕಿನ ಕಂಪ್ಯೂಟರು ತೆರೆದಿಟ್ಟ ಕಿಂಡಿಯಿದು. ಗ್ರಾಹಕನ ಒಪ್ಪಿಗೆಯೊಡನೆ ನಿಗದಿಯಾದ ರೀತಿಯಲ್ಲಿ ಕೇಳಿದವರಿಗೆ ಇಲ್ಲಿ ನಿಗದಿಯಾದ ಉತ್ತರ ದೊರೆಯುತ್ತದೆ.

ಯುರೋಪಿನಲ್ಲಿ ಈ ಪದ್ಧತಿಗೆ ಕಾನೂನಿನ ಬಲ ಬಂದಿತು. ಅಲ್ಲಿನ ಒಕ್ಕೂಟದ ಪಾವತಿ ಸೇವೆಗಳ ಎರಡನೆಯ ನಿರ್ದೇಶವು ೨೦೧೮ರ ಜನವರಿಯಿಂದ ಅನ್ವಯವಾಯಿತು. ಅದೇ ತಿಂಗಳು ಬ್ರಿಟನ್ನಿನ ದೊಡ್ಡ ಬ್ಯಾಂಕುಗಳೂ ಕಿಂಡಿ ತೆರೆಯತೊಡಗಿದವು. ಗ್ರಾಹಕನು ಒಪ್ಪಿದರೆ ಖಾತೆಯ ಮೂಲ ವಿವರಗಳನ್ನು ಅಧಿಕೃತ ಸಂಸ್ಥೆಗೆ ಶುಲ್ಕವಿಲ್ಲದೆ ಕೊಡಬೇಕೆಂಬುದು ಕಟ್ಟಳೆ. ಬಿಟ್ಟಿ ಕಿಂಡಿಯಿಂದ ಲಾಭವೆಲ್ಲಿಯದು? ಕಡ್ಡಾಯವಾದುದನ್ನು ಉಚಿತವಾಗಿ ಕೊಟ್ಟು, ಅದಕ್ಕೆ ಮೀರಿದ ಸೇವೆಗೆ ಬೆಲೆ ಕಟ್ಟುವುದೇ ಬ್ಯಾಂಕುಗಳು ಕಂಡುಕೊಂಡ ಉಪಾಯ. ಸ್ಪೇನಿನ ಬಿ.ಬಿ.ವಿ.ಎ. ಬ್ಯಾಂಕು ೨೦೧೭ರಲ್ಲಿಯೇ ಇಂತಹ ಸೇವೆಗಳ ಮಾರುಕಟ್ಟೆಯೊಂದನ್ನು ತೆರೆದಿತ್ತು.

ನಮ್ಮ ದೇಶದಲ್ಲಿಯೂ ಲೆಕ್ಕಾಚಾರ ಇದಕ್ಕಿಂತ ಬಹಳ ಬೇರೆಯಲ್ಲ. ೨೦೨೦ರ ಜನವರಿಯಲ್ಲಿ ಯು.ಪಿ.ಐ. ಪಾವತಿಯ ಮೇಲೆ ವರ್ತಕರಿಂದ ಪಡೆಯುವ ಶುಲ್ಕ ರದ್ದಾದುದರಿಂದ, ಅಂಗಡಿಯ ಪಾವತಿಯಿಂದ ಬ್ಯಾಂಕಿಗೆ ನೇರ ಆದಾಯ ಕಡಿಮೆ. ಬೇರೆ ಕಡೆ ಇದೆ. ಸಾವಿರಾರು ನೌಕರರ ಸಂಬಳವನ್ನು ಒಮ್ಮೆಗೇ ಹಂಚುವ ಕಂಪನಿ, ಬಂದ ಹಣವನ್ನು ಬಿಲ್ಲುಗಳೊಡನೆ ತಾಳೆ ನೋಡಬೇಕಾದ ವ್ಯಾಪಾರಿ, ಖಾತೆಯ ಸಂಖ್ಯೆಗೂ ಹೆಸರಿಗೂ ಹೊಂದಿಕೆಯಿದೆಯೇ ಎಂದು ಪರೀಕ್ಷಿಸುವ ಸಂಸ್ಥೆ, ಇವರೆಲ್ಲ ಕಿಂಡಿಯ ಸೇವೆಗೆ ಶುಲ್ಕ ತೆರುತ್ತಾರೆ. ಮೊಬೈಲಿನಲ್ಲಿ ಸಾಲ ಕೊಡಿಸುವವರ ಬೆನ್ನ ಹಿಂದೆಯೂ ಬ್ಯಾಂಕೋ ಹಣಕಾಸು ಕಂಪನಿಯೋ ಇದ್ದು, ಬಡ್ಡಿಯ ಲಾಭ ಹಂಚಿಕೆಯಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಲಾಭ ಹೊಸ ಸಾಲಗಾರರದು. ಉಡುಪಿಯಲ್ಲಿ ಹುಟ್ಟಿ ೨೦೨೦ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾದ ಸಿಂಡಿಕೇಟ್ ಬ್ಯಾಂಕು, ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಬಾಗಿಲಿನ ಪುಡಿಕಾಸೂ ಬ್ಯಾಂಕಿಗೆ ಬಂಡವಾಳವಾಗಬಲ್ಲುದೆಂದು ತೋರಿಸಿಕೊಟ್ಟಿತು. ಇಂದಿನ ಕಿಂಡಿಯು ಸಣ್ಣ ಸಾಲವನ್ನೂ ಲಾಭದಾಯಕವಾಗಿಸುತ್ತಿದೆ. ಪಾಸ್‌ಬುಕ್ಕಿನ ಪ್ರತಿ ತೆಗೆಸಿ ಶಾಖೆಯಿಂದ ಶಾಖೆಗೆ ಅಲೆಯುತ್ತಿದ್ದ ಕಿರಾಣಿ ವರ್ತಕನ ಲೆಕ್ಕ ಈಗ ನಿಮಿಷಗಳಲ್ಲಿ ಸಾಲ ಕೊಡುವವರಿಗೆ ತಲುಪಬಲ್ಲುದು.

ಈ ವಿವರಗಳನ್ನು ತಲುಪಿಸುವುದಕ್ಕಾಗಿ ರಿಸರ್ವ್ ಬ್ಯಾಂಕು ೨೦೧೬ರಲ್ಲಿ ಅಕೌಂಟ್ ಅಗ್ರಿಗೇಟರ್ ಎಂಬ ಮಧ್ಯವರ್ತಿ ಸಂಸ್ಥೆಗಳಿಗೆ ನಿಯಮ ರೂಪಿಸಿತು. ೨೦೨೧ರ ಸೆಪ್ಟೆಂಬರಿನಲ್ಲಿ ವ್ಯವಸ್ಥೆ ಬಳಕೆಗೆ ಬಂದಿತು. ಈ ಮಧ್ಯವರ್ತಿಯು ಅಂಚೆಯವನಂತೆ ಲಕೋಟೆಯನ್ನು ತಲುಪಿಸಬೇಕೇ ಹೊರತು ಒಡೆದು ಓದಬಾರದು, ಕೂಡಿಡಬಾರದು, ಬ್ಯಾಂಕಿನ ಪಾಸ್‌ವರ್ಡ್ ಕೇಳಬಾರದು. ಕೊಟ್ಟ ಒಪ್ಪಿಗೆಯನ್ನು ಗ್ರಾಹಕನು ಹಿಂದಕ್ಕೆ ಪಡೆಯಬಹುದು. ಆದರೆ ಅದಕ್ಕೆ ಮೊದಲೇ ತಲುಪಿದ ಮಾಹಿತಿ ತಾನಾಗಿ ಮರಳಿ ಬಾರದು.

ಹೀಗೆ ಈ ಹೊಸ ಆದಾಯದ ಬಹುಭಾಗವು ನಮ್ಮ ಒಂದು ಒಪ್ಪಿಗೆಯ ಮೇಲೆ ನಿಂತಿದೆ. ಗಡಿನಾಡಿನ ನಮಗೆ ಚಿಂತೆಯಿರುವುದು ಇಲ್ಲಿಯೇ. ಸೊಲ್ಲಾಪುರದಲ್ಲಿ ಮರಾಠಿ, ತಾಳವಾಡಿಯಲ್ಲಿ ತಮಿಳು, ಕಾಸರಗೋಡಿನಲ್ಲಿ ಮಲಯಾಳ, ಎಲ್ಲೆಡೆಯೂ ಇಂಗ್ಲಿಷು. ಕನ್ನಡವೊಂದನ್ನೇ ಓದಬಲ್ಲ ಅಜ್ಜಿಯು ಮೊಮ್ಮಗನ ಕೈಗೆ ಮೊಬೈಲು ಕೊಟ್ಟು ಗುಂಡಿ ಒತ್ತಿಸಿದರೆ, ಅದನ್ನು ತಿಳಿದು ಕೊಟ್ಟ ಒಪ್ಪಿಗೆಯೆನ್ನಲಾದೀತೇ?

ಈ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವೊಂದಿದೆ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಜನರಿಗಿರಬೇಕು. ಅನುಸೂಚಿಯ ೨೨ ಭಾಷೆಗಳಲ್ಲಿ ಕನ್ನಡವೂ ಒಂದು. ಈ ಆಯ್ಕೆಗೆ ರಾಜ್ಯದ ಗಡಿಯ ಕಟ್ಟಿಲ್ಲವೆಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಕಾಯ್ದೆಯ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ವಿಧಿಗಳು ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ.

ಅಲ್ಲಿಯವರೆಗೆ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಒಪ್ಪುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳೋಣ: ಕೇಳುತ್ತಿರುವವರು ಯಾರು? ಯಾವ ಖಾತೆಯ, ಎಷ್ಟು ಕಾಲದ ಲೆಕ್ಕ? ಯಾವ ಉದ್ದೇಶಕ್ಕೆ? ಎಂದಿನವರೆಗೆ? ಮನೆಯಲ್ಲಿ ಓದುಬಲ್ಲ ಮಕ್ಕಳು ಇವುಗಳ ಉತ್ತರವನ್ನು ಹಿರಿಯರಿಗೆ ಕನ್ನಡದಲ್ಲಿ ಹೇಳಿದ ಮೇಲೆಯೇ ಗುಂಡಿ ಒತ್ತಲಿ. ಶಾಖೆಗೆ ಹೋದಾಗ ಸೂಚನೆಯನ್ನು ಕನ್ನಡದಲ್ಲಿ ಕೊಡಿರೆಂದು ವಿನಯದಿಂದ, ಆದರೆ ಬರವಣಿಗೆಯಲ್ಲಿಯೇ ಕೇಳೋಣ. ನಮ್ಮ ಲೆಕ್ಕದಿಂದ ಬ್ಯಾಂಕು ಲಾಭ ಗಳಿಸುವುದು ತಪ್ಪಲ್ಲ. ಆ ಲೆಕ್ಕ ಎಲ್ಲಿಗೆ ಹೋಗುತ್ತದೆಂಬುದನ್ನು ನಮ್ಮ ನುಡಿಯಲ್ಲಿ ತಿಳಿಯಬಯಸುವುದೂ ತಪ್ಪಲ್ಲ.