ತೊಟ್ಟಿಲಿನ ಕೀಲು ಎಲ್ಲಿರಬೇಕು?

ಎಂಟನೇ ತರಗತಿಗೆ ಘರ್ಷಣೆಯ ಪಾಠ ಮಾಡಲು ನಾನು ಒಯ್ದ ಕಲಿಕೋಪಕರಣ ಶೂ ಪೆಟ್ಟಿಗೆಯ ತೊಟ್ಟಿಲು. ಅದರ ಎರಡು ತುದಿಗೆ ಸೈಕಲ್ ಕಡ್ಡಿಯ ತುಂಡು ಸಿಕ್ಕಿಸಿ, ಮರದ ಪಟ್ಟಿಗಳ ತೂತಿನಲ್ಲಿ ಕೂರಿಸಿದ್ದೆ. ಕಡ್ಡಿಗೆ ಮೇಣ ಸವರಿದರೆ ತೊಟ್ಟಿಲು ಹೆಚ್ಚು ಹೊತ್ತು ತೂಗುತ್ತದೆ ಎಂದು ತೋರಿಸುವುದು ಉದ್ದೇಶವಾಗಿತ್ತು. ಜೇಡಿಮಣ್ಣಿನ ಗೊಂಬೆಯನ್ನು ಮಲಗಿಸಿ ಕೈಬಿಟ್ಟೆ. ತೊಟ್ಟಿಲು ಮಗುಚಿ ಗೊಂಬೆ ಮೇಜಿನ ಮೇಲೆ ಬಿತ್ತು. ತರಗತಿಯೆಲ್ಲ ನಕ್ಕಿತು. ಬಡಗಿಯ ಮಗಳೊಬ್ಬಳು ಮಾತ್ರ ನಗದೆ, “ಸರ್, ಕೀಲು ಭಾಳ ಕೆಳಗ ಆಗೇತ್ರಿ” ಎಂದಳು.

ಅವಳ ಮಾತು ಸರಿಯಾಗಿತ್ತು. ಕಲಘಟಗಿಯ ಬಣ್ಣದ ತೊಟ್ಟಿಲಾಗಲಿ, ಸೀರೆಯ ಜೋಳಿಗೆಯಾಗಲಿ, ತೊಲೆಗೆ ತೂಗುಹಾಕಿದರೆ ಈ ಪ್ರಶ್ನೆ ಏಳುವುದಿಲ್ಲ. ತೂಗುವ ಬಿಂದು ಮಗುವಿಗಿಂತ ಎಷ್ಟೋ ಎತ್ತರದಲ್ಲಿರುತ್ತದೆ. ತೊಲೆಯಿಲ್ಲದ ಮನೆಗೆ ಕಾಲುಗಳ ಮೇಲೆ ನಿಲ್ಲುವ ತೊಟ್ಟಿಲು ಮಾಡುವಾಗ ಮಾತ್ರ ಕೀಲಿನ ಜಾಗವನ್ನು ನಾವೇ ನಿರ್ಧರಿಸಬೇಕು. ತೊಟ್ಟಿಲು, ಹಾಸಿಗೆ, ಮಗು ಮೂರೂ ಸೇರಿದ ಗುರುತ್ವ ಕೇಂದ್ರವು ಕೀಲಿನ ಕೆಳಗಿದ್ದರೆ, ವಾಲಿದ ತೊಟ್ಟಿಲನ್ನು ಭಾರವೇ ಮರಳಿ ತರುತ್ತದೆ. ಮೇಲಿದ್ದರೆ ಅದೇ ಭಾರ ಮಗುಚಿ ಹಾಕುತ್ತದೆ. ಖಾಲಿ ತೊಟ್ಟಿಲು ಚೆನ್ನಾಗಿ ತೂಗಿತೆಂದು ನಂಬುವಂತಿಲ್ಲ. ಮಗು ಮಲಗಿದಾಗ ಈ ಕೇಂದ್ರ ಮೇಲೇರಬಹುದು, ಎದ್ದು ಕುಳಿತರೆ ಇನ್ನೂ ಮೇಲೇರುತ್ತದೆ. ಆದ್ದರಿಂದ ಮಗು ಕೈಯೂರಿ ಏಳಲು ಶುರುಮಾಡಿದ ಕೂಡಲೇ ಇಂಥ ತೊಟ್ಟಿಲನ್ನು ಬಿಡಬೇಕು.

ಕೇಂದ್ರಕ್ಕಿಂತ ಸ್ವಲ್ಪವೇ ಮೇಲಿದ್ದರೆ ಸಾಲದೇ? ಇಲ್ಲಿ ಘರ್ಷಣೆ ಅಡ್ಡ ಬರುತ್ತದೆ. ಭಾರದ ತಿರುಗುಬಲವು ಕೀಲಿನಿಂದ ಗುರುತ್ವ ಕೇಂದ್ರಕ್ಕಿರುವ ದೂರವನ್ನು ಅವಲಂಬಿಸಿದೆ. ಅದನ್ನು ತಡೆಯುವ ಘರ್ಷಣೆಯ ತಿರುಗುಬಲವು ಕೀಲಿನ ತ್ರಿಜ್ಯವನ್ನು ಅವಲಂಬಿಸಿದೆ. 40 ಮಿ.ಮೀ. ದಪ್ಪದ ಮರದ ಗೂಟ ಹಾಕಿದ್ದೇವೆ, ಗುರುತ್ವ ಕೇಂದ್ರ 20 ಮಿ.ಮೀ. ಮಾತ್ರ ಕೆಳಗಿದೆ, ಘರ್ಷಣಾಂಕ 0.4 ಎಂದುಕೊಳ್ಳಿ. ತೊಟ್ಟಿಲು 20 ಡಿಗ್ರಿಗೂ ಹೆಚ್ಚು ವಾಲಿದಲ್ಲೇ ನಿಂತುಬಿಡಬಹುದು, ಮಗು ಒಂದು ಬದಿಗೆ ಜಾರುತ್ತದೆ. ಅದೇ 10 ಮಿ.ಮೀ. ಉಕ್ಕಿನ ಬೋಲ್ಟು, ಹಿತ್ತಾಳೆ ಬುಷ್, ಘರ್ಷಣಾಂಕ 0.2, ದೂರ 200 ಮಿ.ಮೀ. ಆದರೆ, ನಿಲ್ಲುವ ವಾಲು ಅರ್ಧ ಡಿಗ್ರಿಯೂ ಇರುವುದಿಲ್ಲ. ಕೀಲು ಸಣ್ಣದಿರಬೇಕು, ಎತ್ತರದಲ್ಲಿರಬೇಕು.

ಕೀಲು ಮಾಡುವಾಗ ಗಮನಿಸಬೇಕಾದವು:

1. ಎರಡು ತುದಿಯ ಹಲಗೆಗಳನ್ನು ಒಂದರ ಮೇಲೊಂದು ಬಿಗಿದು ಒಟ್ಟಿಗೇ ತೂತು ಕೊರೆಯಬೇಕು. ಎತ್ತರ ಹೆಚ್ಚುಕಡಿಮೆಯಾದರೆ ಕೀಲು ಹಿಡಿಯುತ್ತದೆ.

2. ತೂತು ಹಲಗೆಯ ಅಂಚಿಗೆ ತೀರ ಹತ್ತಿರ ಇರಬಾರದು. ಮರ ಎಳೆಗುಂಟ ಸೀಳುತ್ತದೆ.

3. ಬುಷ್‌ನೊಳಗೆ ಬೋಲ್ಟಿನ ನಯವಾದ ಭಾಗವೇ ಬರಬೇಕು. ಮರೆ ಇರುವ ಭಾಗ ಅರದಂತೆ ತೂತನ್ನು ತೇಯುತ್ತದೆ.

4. ತೊಟ್ಟಿಲು ಮತ್ತು ಕಂಬದ ನಡುವೆ ವಾಷರ್ ಇರಲಿ. ಹಿಂದೆಮುಂದೆ ತಿರುಗುವ ಕೀಲಿನಲ್ಲಿ ಸಾಮಾನ್ಯ ನಟ್ಟು ಸಡಿಲವಾಗುತ್ತದೆ, ಲಾಕ್ ನಟ್ಟು ಹಾಕಬೇಕು.

5. ಮಗು ಮಲಗಿದ ಮೇಲೆ ತೊಟ್ಟಿಲು ಅಲುಗದಂತೆ ಸಮತಟ್ಟಾಗಿ ಹಿಡಿಯುವ ತಡೆಗೂಟವೂ ಬೇಕು.

ಮಗುವನ್ನು ಮಲಗಿಸುವ ಮುನ್ನ, ಅದರ ಎರಡರಷ್ಟು ತೂಕದ ಅಕ್ಕಿಚೀಲವನ್ನು ನಡುವೆಯೂ ಒಂದು ಬದಿಗೂ ಇಟ್ಟು ತೂಗಿ ನೋಡಬೇಕು.

ಮರುದಿನ ಅದೇ ಪೆಟ್ಟಿಗೆಗೆ ಮೂರು ಎತ್ತರದಲ್ಲಿ ತೂತು ಮಾಡಿ ಮಕ್ಕಳ ಕೈಗೇ ಕೊಟ್ಟೆ. ಕೆಳಗಿನ ತೂತಿನಲ್ಲಿ ಮಗುಚಿತು. ನಡುವಿನದರಲ್ಲಿ ವಾಲಿ ನಿಂತಿತು. ಮೇಣ ಸವರಿದ ಮೇಲೆ ನಿಧಾನವಾಗಿ ಮರಳಿತು. ಮೇಲಿನದರಲ್ಲಿ ಮೇಣವಿಲ್ಲದೆಯೇ ತೂಗಿತು. ನನ್ನ ಪಾಠಯೋಜನೆಯಲ್ಲಿ ಘರ್ಷಣೆಯೊಂದೇ ಇತ್ತು, ಗುರುತ್ವ ಕೇಂದ್ರ ಬೇರೆ ಪಾಠವೆಂದು ಬಿಟ್ಟಿದ್ದೆ. ತೊಟ್ಟಿಲಿನಲ್ಲಿ ಅವೆರಡೂ ಒಂದೇ ಕೀಲಿನ ಮೇಲೆ ಕೆಲಸ ಮಾಡುತ್ತವೆ. ಉಪಕರಣವನ್ನು ತರಗತಿಗೆ ಒಯ್ಯುವ ಮೊದಲು ಗೊಂಬೆಯನ್ನು ಮಲಗಿಸಿ ಒಮ್ಮೆ ತೂಗಿ ನೋಡಿದ್ದರೆ ನನಗೂ ಅದು ಗೊತ್ತಾಗುತ್ತಿತ್ತು.